ಕೊಳೆ ಕಳೆಯುವ ತೆಂಗಿನ ಸಿಪ್ಪೆ

ತಿಪಟೂರು, ಅರಸೀಕೆರೆ, ಗುಬ್ಬಿ ಕಡೆ ಓಡಾಡಿದವರಿಗೆ ತೆಂಗಿನ ಸಿಪ್ಪೆಯ ಗುಡ್ಡೆಗಳು ಹೊಸದಲ್ಲ. ಕಾಯಿ ಸುಲಿದ ಮೇಲೆ ಉಳಿದದ್ದು ಮನೆಯ ಹಿತ್ತಲಲ್ಲಿ, ತೋಟದ ಬದುವಿನಲ್ಲಿ, ಮಂಡಿಗಳ ಹಿಂದೆ ರಾಶಿ ಬೀಳುತ್ತದೆ. ಒಂದಿಷ್ಟು ನೀರೊಲೆಗೆ, ಒಂದಿಷ್ಟು ನಾರಿನ ಕಾರ್ಖಾನೆಗೆ, ಒಂದಿಷ್ಟು ಮರದ ಬುಡಕ್ಕೆ ಹೋಗುತ್ತದೆ. ಮಿಕ್ಕಿದ್ದಕ್ಕೆ ಬೇಸಿಗೆಯಲ್ಲಿ ಯಾರೋ ಬೆಂಕಿ ಇಡುತ್ತಾರೆ. ಇಂಥದೇ ಸಿಪ್ಪೆಯನ್ನು ಚೂರು ಮಾಡಿ, ಹಿಮ ಬೀಳುವ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಕಂಪನಿಯೊಂದು ಒಂಟಿ ಮನೆಗಳ ಸೆಪ್ಟಿಕ್ ಟ್ಯಾಂಕಿನ ನೀರು ಶುದ್ಧಮಾಡುವ ತೊಟ್ಟಿಗಳಿಗೆ ತುಂಬುತ್ತದೆ. ಮೊದಲು ಅವರು ಆ ಕೆಲಸಕ್ಕೆ ಬಳಸುತ್ತಿದ್ದದ್ದು ತಮ್ಮ ನೆಲದ ಪೀಟ್, ಅಂದರೆ ಜೌಗಿನಲ್ಲಿ ಸತ್ತ ಪಾಚಿ ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತು ಆದ ಕಪ್ಪು ಮಣ್ಣು. ಪೀಟ್ ಬೆಳೆಯುವುದು ವರ್ಷಕ್ಕೆ ಸುಮಾರು 1 ಮಿಲಿಮೀಟರ್. ಒಂದು ಮೀಟರ್ ಅಗೆದರೆ ಸಾವಿರ ವರ್ಷದ ಲೆಕ್ಕ ಮುಗಿದಂತೆ. ತೆಂಗು ಹಾಗಲ್ಲ, ಅದು ವರ್ಷವಿಡೀ ಗೊನೆ ಬಿಡುತ್ತದೆ.

ನಾವು ಬೆಂಕಿಗೆ ಹಾಕುವ ವಸ್ತುವೊಂದು, ನಾವು ಅತಿ ಹೆಚ್ಚು ಹೇಸುವ ಕೆಲಸವನ್ನು ಎಲ್ಲೋ ದೂರದಲ್ಲಿ ಸದ್ದಿಲ್ಲದೆ ಮಾಡುತ್ತಿದೆ. ಇದನ್ನು ಬರೀ ವ್ಯಾಪಾರದ ಸುದ್ದಿಯಾಗಿ ಓದಿ ಬಿಟ್ಟುಬಿಡಲು ನನಗೆ ಆಗಲಿಲ್ಲ. ಸಿಪ್ಪೆ ಕೊಳೆಯನ್ನು ಹೇಗೆ ಕಳೆಯುತ್ತದೆ ಎಂದು ತಿಳಿಯುತ್ತಾ ಹೋದಂತೆ, ಶುಚಿ ಎಂದು ನಾವು ತಲೆತಲಾಂತರದಿಂದ ನಂಬಿಕೊಂಡು ಬಂದಿರುವುದರ ಬುಡವೇ ಅಲ್ಲಾಡಿದಂತಾಯಿತು.

ಮೊದಲು ಕೊಳಚೆಯ ವಿಷಯ. ಚರಂಡಿಯಲ್ಲಿ ಹರಿಯುವ ಸಾವಿರ ಲೀಟರ್‌ನಲ್ಲಿ 999 ಲೀಟರ್ ಬರೀ ನೀರು. ಉಳಿದ ಒಂದು ಪಾಲಿನಲ್ಲಿ ಮಲ, ಮೂತ್ರ, ಸೋಪು, ಜಿಡ್ಡು, ಪಾತ್ರೆ ತೊಳೆದ ಅನ್ನದಗುಳು, ಕೂದಲು, ಮರಳು, ಔಷಧದ ಅಂಶ ಎಲ್ಲ ಸೇರಿವೆ. ಆ ಒಂದು ಪಾಲಿಗೆ ಹೇಸಿ ನಾವು ಸಾವಿರಕ್ಕೆ ಸಾವಿರವನ್ನೂ ಕಣ್ಣಿಂದ ದೂರ ಮಾಡುತ್ತೇವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2021ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ದೇಶದ ನಗರ ಪಟ್ಟಣಗಳಲ್ಲಿ ದಿನಕ್ಕೆ 72,368 ದಶಲಕ್ಷ ಲೀಟರ್ ಕೊಳಚೆ ನೀರು ಹುಟ್ಟುತ್ತದೆ. ಶುದ್ಧೀಕರಣ ಘಟಕದ ಒಳಗೆ ಹೋಗಿ ಬರುವುದು 20,235 ದಶಲಕ್ಷ ಲೀಟರ್ ಮಾತ್ರ. ಮಿಕ್ಕದ್ದು ಹಳ್ಳ, ಕೆರೆ, ನದಿ, ಬಾವಿ ಸೇರುತ್ತದೆ. ದೂರ ಮಾಡಿದೆವು ಅಂದುಕೊಂಡದ್ದು ದೂರ ಹೋಗಿರುವುದಿಲ್ಲ; ಕೆಳಗಿನ ಊರಿನವರ ಬಿಂದಿಗೆಗೆ ಬಂದಿರುತ್ತದೆ.

ಸಿಪ್ಪೆಯ ಹಾಸು ಎಂದರೆ ಚಹಾ ಸೋಸುವ ಜರಡಿಯಂಥದ್ದು, ಕಸವನ್ನು ಮೇಲೆ ತಡೆದು ನೀರನ್ನು ಕೆಳಗೆ ಬಿಡುತ್ತದೆ ಎಂದು ಬಹಳ ಜನ ಭಾವಿಸುತ್ತಾರೆ. ಅಲ್ಲಿ ನಡೆಯುವುದು ಬೇರೆಯೇ. ಸೆಪ್ಟಿಕ್ ಟ್ಯಾಂಕಿನಲ್ಲಿ ಗಟ್ಟಿ ಅಂಶ ತಳಕ್ಕಿಳಿದ ಮೇಲೆ ಹೊರಬರುವ ಕಪ್ಪು ನೀರನ್ನು ಸಿಪ್ಪೆಯ ಚೂರುಗಳ ಹಾಸಿನ ಮೇಲೆ ಬಿಟ್ಟು ಬಿಟ್ಟು ಹರಿಸುತ್ತಾರೆ. ನೀರು ಇಳಿಯುತ್ತದೆ, ಅದು ಬಿಟ್ಟುಹೋದ ಜಾಗಕ್ಕೆ ಗಾಳಿ ನುಗ್ಗುತ್ತದೆ. ಮೊದಲ ದಿನಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗುವುದಿಲ್ಲ. ಒಳಗೆ ಹೋದ ನೀರು ಹೆಚ್ಚುಕಡಿಮೆ ಹಾಗೆಯೇ ಹೊರಬರುತ್ತದೆ, ಜೊತೆಗೆ ಸಿಪ್ಪೆಯ ಒಗರಿನ ಕಂದು ಬಣ್ಣವನ್ನೂ ಹೊತ್ತು ತರುತ್ತದೆ. ಕೆಲವು ವಾರ ಕಳೆಯಬೇಕು. ಆಗ ಒಂದು ಚೂರನ್ನು ಎತ್ತಿ ಹತ್ತಿರದಿಂದ ನೋಡಿದರೆ ಎಳೆಎಳೆಯ ಮೇಲೂ ತೆಳ್ಳನೆ ಲೋಳೆ ಹತ್ತಿರುತ್ತದೆ. ಮುಟ್ಟಿದರೆ ಜಾರುತ್ತದೆ. ಮೂಗಿಗೆ ಹಿಡಿದರೆ ಚರಂಡಿಯ ವಾಸನೆ ಇರುವುದಿಲ್ಲ, ಮಳೆ ಬಿದ್ದ ಕಾಡಿನ ತರಗೆಲೆಯ ವಾಸನೆ ಇರುತ್ತದೆ. ಕೊಳೆ ಕಳೆಯುವುದು ಆ ಲೋಳೆ.

ಅದು ಕೋಟ್ಯಂತರ ಬ್ಯಾಕ್ಟೀರಿಯಾಗಳ ಬೀಡು. ಲೋಳೆಯ ಮೇಲ್ಪದರಕ್ಕೆ ಗಾಳಿ ಸಿಗುತ್ತದೆ. ಅಲ್ಲಿರುವವು ಕೊಳೆಯನ್ನು ತಿಂದು ಉಸಿರಾಡುತ್ತವೆ, ಮೂತ್ರದ ಅಮೋನಿಯವನ್ನು ನೈಟ್ರೇಟ್ ಮಾಡುತ್ತವೆ. ಒಳಪದರಕ್ಕೆ ಗಾಳಿ ಮುಟ್ಟುವುದಿಲ್ಲ. ಅಲ್ಲಿನವು ಆ ನೈಟ್ರೇಟನ್ನೇ ಉಸಿರಾಟಕ್ಕೆ ಬಳಸಿಕೊಂಡು ಸಾರಜನಕವನ್ನು ಆಕಾಶಕ್ಕೆ ಬಿಡುತ್ತವೆ. ಒಂದು ಮಿಲಿಮೀಟರ್ ದಪ್ಪವೂ ಇಲ್ಲದ ಪದರದಲ್ಲಿ ಎರಡು ಬೇರೆ ಲೋಕಗಳು ಒಂದರ ಹೊಲಸನ್ನು ಇನ್ನೊಂದು ಉಂಡು ಬದುಕುತ್ತವೆ. ಈ ಬ್ಯಾಕ್ಟೀರಿಯಾಗಳನ್ನು ಮೇಯಲು ಏಕಕೋಶ ಜೀವಿಗಳು ಬರುತ್ತವೆ, ಅವನ್ನು ತಿನ್ನಲು ಸೂಕ್ಷ್ಮ ಹುಳುಗಳು ಬರುತ್ತವೆ. ಕೆಲವು ಕಡೆ ಎರೆಹುಳುವನ್ನು ಬೇಕೆಂದೇ ಬಿಡುತ್ತಾರೆ. ಚಿಲಿ ದೇಶದ ವಿಶ್ವವಿದ್ಯಾಲಯದಲ್ಲಿ ಹೋಸೆ ತೋಹಾ ಎಂಬ ವಿಜ್ಞಾನಿ ಮರದ ಹೊಟ್ಟು ಮತ್ತು ಎರೆಹುಳುಗಳ ಹಾಸಿನಿಂದ ಕೊಳಚೆ ಶುದ್ಧಮಾಡುವ ಪದ್ಧತಿಯನ್ನು ರೂಪಿಸಿದರು. ಅದು ಇಂದಿಗೂ ಅವರ ಹೆಸರಿನಲ್ಲೇ ಇದೆ.

ಹಾಗಾದರೆ ಸಿಪ್ಪೆಯೇ ಯಾಕೆ, ಜಲ್ಲಿಕಲ್ಲಿನ ಮೇಲೂ ಲೋಳೆ ಹತ್ತುತ್ತದಲ್ಲ? ಹತ್ತುತ್ತದೆ. 19ನೇ ಶತಮಾನದ ಕೊನೆಯಿಂದಲೂ ಇಂಗ್ಲೆಂಡ್, ಅಮೆರಿಕಗಳಲ್ಲಿ ಜಲ್ಲಿಯ ಹಾಸುಗಳು ಇದೇ ಕೆಲಸ ಮಾಡಿವೆ. ಆದರೆ ಕಲ್ಲಿಗೆ ಇಲ್ಲದ ಎರಡು ಗುಣ ಸಿಪ್ಪೆಗಿವೆ. ಒಂದು, ಅದು ಸ್ಪಂಜಿನಷ್ಟು ಪೊಳ್ಳು, ಆದರೂ ಗಟ್ಟಿ. ತೆಂಗಿನ ನಾರಿನಲ್ಲಿ ಲಿಗ್ನಿನ್ ಎಂಬ ಗಡಸು ಅಂಶ ಶೇಕಡ 40ರ ಆಸುಪಾಸಿನಲ್ಲಿರುತ್ತದೆ. ಕರಾವಳಿಯ ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿದರೂ ಮೆದು ಭಾಗ ಕರಗಿ ನಾರು ನಾರಾಗಿಯೇ ಉಳಿಯುತ್ತದೆ. ಹಾಗೆ ಉಳಿಯುವುದರಿಂದಲೇ ಹಗ್ಗ ಹೊಸೆಯಲು ಸಾಧ್ಯ. ಎರಡನೆಯದು ಇನ್ನೂ ಮುಖ್ಯ. ನೈಟ್ರೇಟನ್ನು ಒಡೆಯುವ ಬ್ಯಾಕ್ಟೀರಿಯಾಗಳಿಗೆ ಇಂಗಾಲದ ಆಹಾರ ಬೇಕು. ಮೇಲಿನವರು ಕೊಳೆಯನ್ನೆಲ್ಲ ಉಂಡು ಮುಗಿಸಿದ್ದರೆ ಕೆಳಗಿನವರಿಗೆ ಉಳಿಯುವುದೇನು? ಕಲ್ಲು ಏನನ್ನೂ ಕೊಡಲಾರದು. ಸಿಪ್ಪೆ, ಮರದ ಚೂರು, ಹೊಟ್ಟು ತಮ್ಮನ್ನೇ ಚೂರುಚೂರೇ ಬಿಟ್ಟುಕೊಡುತ್ತವೆ. ಹೊಲಗಳಿಂದ ಬಸಿಯುವ ಗೊಬ್ಬರದ ನೀರಿನ ನೈಟ್ರೇಟ್ ಕಳೆಯಲು ಅಮೆರಿಕ, ನ್ಯೂಜಿಲೆಂಡ್‌ಗಳಲ್ಲಿ ಮರದ ಚೂರು ತುಂಬಿದ ಕಂದಕಗಳನ್ನು ತೋಡುವುದು ಈ ಕಾರಣಕ್ಕೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರ್‌ಗೆ 45 ಮಿಲಿಗ್ರಾಂ ದಾಟಬಾರದು ಎಂಬುದು ನಮ್ಮ ದೇಶದ ಮಾನಕ. ಆ ಗೆರೆ ದಾಟಿದ ಕೊಳವೆಬಾವಿಗಳು ನಮ್ಮ ಬಯಲುಸೀಮೆಯಲ್ಲಿ ಕಡಿಮೆಯಿಲ್ಲ.

ಶುಚಿಗೊಳಿಸುತ್ತಾ ಶುಚಿಗೊಳಿಸುತ್ತಾ ಸಿಪ್ಪೆ ತಾನು ಸವೆಯುತ್ತದೆ. ಕೊಳೆ ಬೇರೆ, ತಾನು ಬೇರೆ ಎಂದು ದೂರ ನಿಂತು ಅದು ಈ ಕೆಲಸ ಮಾಡುವುದಿಲ್ಲ. ಒಳಗೆ ಬಿಟ್ಟುಕೊಳ್ಳುತ್ತದೆ, ಮೈಗೆ ಹತ್ತಿಸಿಕೊಳ್ಳುತ್ತದೆ, ಬದಲಾಗುತ್ತದೆ. ಕೆಲವು ವರ್ಷಗಳ ಮೇಲೆ ಹಾಸು ಕುಸಿದು, ಚೂರು ಪುಡಿಯಾಗಿ, ನೀರು ಇಳಿಯದೆ ನಿಲ್ಲತೊಡಗಿದಾಗ ಹಳೆಯದನ್ನು ತೆಗೆದು ಹೊಸದನ್ನು ಹಾಸಬೇಕು.

ನಮ್ಮ ತತ್ತ್ವಶಾಸ್ತ್ರಕ್ಕೆ ಇಂಥ ವಸ್ತುವಿನ ಪರಿಚಯ ಬಹಳ ಹಿಂದಿನಿಂದ ಇದೆ. ಕನ್ನಡದಲ್ಲಿ ಚಿಲ್ಲದ ಬೀಜ ಎನ್ನುವ, ಸಂಸ್ಕೃತದಲ್ಲಿ ಕತಕ ಎನ್ನುವ ಬೀಜವನ್ನು ಮಡಕೆಯ ಒಳಮೈಗೆ ತೇದು ಕದಡಿದ ನೀರು ತುಂಬಿಟ್ಟರೆ ಕೆಸರು ತಳ ಸೇರಿ ನೀರು ತಿಳಿಯಾಗುತ್ತದೆ. ಸುಶ್ರುತ ಸಂಹಿತೆಯಲ್ಲಿ ಇದರ ಮಾತು ಬರುತ್ತದೆ. ಮನುಸ್ಮೃತಿಯಲ್ಲೂ ಬರುತ್ತದೆ, ಕತಕದ ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದು, ಕೆಲಸ ಆಗಬೇಕು ಎಂಬ ಅರ್ಥದಲ್ಲಿ. ಶಂಕರರದೆಂದು ಹೇಳುವ ಆತ್ಮಬೋಧ ಇನ್ನೂ ಮುಂದೆ ಹೋಗುತ್ತದೆ. ಜ್ಞಾನವು ಜೀವನ ಅಜ್ಞಾನವನ್ನು ಕಳೆದು, ಕೊನೆಗೆ ಕತಕದ ಪುಡಿಯಂತೆ ತಾನೂ ಇಲ್ಲವಾಗುತ್ತದೆ ಎಂಬುದು ಅಲ್ಲಿನ ವಿಚಾರ. ಶುದ್ಧಿಯ ಸಾಧನವೂ ಕೊನೆಗೆ ಉಳಿಯಬಾರದು ಎಂಬ ಆ ಕಾಣ್ಕೆ ದೊಡ್ಡದು. ಅದರ ಮುಂದೆ ನಾನು ತಲೆಬಾಗುತ್ತೇನೆ.

ಆದರೂ ಒಂದು ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಪುಡಿ ಇಲ್ಲವಾಗುವುದಿಲ್ಲ. ಕೆಸರಿನ ಜೊತೆ ಮಡಕೆಯ ತಳದಲ್ಲಿ ಕೂತಿರುತ್ತದೆ. ಮೇಲಿನ ತಿಳಿನೀರನ್ನು ಬಗ್ಗಿಸಿಕೊಂಡ ಮೇಲೆ ಆ ತಳವನ್ನು ತೊಳೆದವರು ಯಾರು? ಯಾವ ವ್ಯಾಖ್ಯಾನಕಾರರೂ ಅದನ್ನು ಕೇಳಿದಂತಿಲ್ಲ. ಮನೆಯಲ್ಲಿ ಒಬ್ಬ ಹೆಣ್ಣುಮಗಳು ತೊಳೆದಿರಬೇಕು, ಊರಿನಲ್ಲಿ ಒಂದು ಜಾತಿಯವರು ತೊಳೆದಿರಬೇಕು. ಶುದ್ಧಿಯ ಬಗ್ಗೆ ಇಷ್ಟು ಆಳವಾಗಿ ಚಿಂತಿಸಿದ ನಾಡು, ಶುದ್ಧಿ ಮಾಡುವವರನ್ನು ಊರಾಚೆ ಇಟ್ಟಿತು. ಮಡಿಯ ನಮ್ಮ ಕಲ್ಪನೆಯೇ ದೂರದ ಮೇಲೆ ನಿಂತದ್ದು. ಮುಟ್ಟದಿದ್ದರೆ ಮಡಿ, ಮುಟ್ಟಿದರೆ ಮೈಲಿಗೆ. ಅದರ ಲೆಕ್ಕದಲ್ಲಿ ಸಿಪ್ಪೆಯ ಹಾಸು ಜಗತ್ತಿನಲ್ಲೇ ಅತ್ಯಂತ ಮೈಲಿಗೆಯ ವಸ್ತು, ಎಲ್ಲವನ್ನೂ ಮುಟ್ಟುತ್ತದೆ. ಅದರಿಂದಲೇ ನೀರು ಶುದ್ಧವಾಗುತ್ತದೆ ಎಂಬುದನ್ನು ಆ ಲೆಕ್ಕ ಹೇಗೆ ಅರಗಿಸಿಕೊಳ್ಳಬೇಕು?

ದೂರದ ಈ ಲೆಕ್ಕಕ್ಕೆ ಬೆಲೆ ತೆತ್ತವರ ಚರಿತ್ರೆ ನಮ್ಮ ಕಣ್ಣಮುಂದೆಯೇ ಇದೆ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದ್ದು 1970ರ ದಶಕದ ಆರಂಭದಲ್ಲಿ, ದೇವರಾಜ ಅರಸು ಸರ್ಕಾರದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ. ಆದರೂ ಅದು ನಿಲ್ಲಲಿಲ್ಲ. ಕೆಜಿಎಫ್‌ನ ಗಣಿ ಕಾಲೊನಿಗಳ ಒಣ ಪಾಯಿಖಾನೆಗಳನ್ನು ಬಳಿಯುತ್ತಿದ್ದ ಸಮುದಾಯದಲ್ಲೇ ಹುಟ್ಟಿದ ಬೆಜವಾಡ ವಿಲ್ಸನ್ ಅದರ ವಿರುದ್ಧ ದೇಶವ್ಯಾಪಿ ಚಳವಳಿ ಕಟ್ಟಬೇಕಾಯಿತು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. ಪರಿಹಾರದ ಮೊತ್ತ ಏರಿಸಬೇಕಾಗಿ ಬಂತೆಂದರೆ ಸಾವು ನಿಂತಿಲ್ಲ ಎಂದೇ ಅರ್ಥ.

ಪೈಪು ಬಂದ ಮೇಲೆ ದೂರ ಇನ್ನಷ್ಟು ಸಲೀಸಾಯಿತು. ಗುಂಡಿ ಒತ್ತಿದರೆ ಆಯಿತು, ಮುಂದಿನದು ನಮ್ಮ ತಲೆನೋವಲ್ಲ. ಆ ಮುಂದಿನದು ಏನೆಂದು ಬೆಳ್ಳಂದೂರು ಕೆರೆ ತೋರಿಸಿತು. 2015ರಲ್ಲಿ ಅಲ್ಲಿ ನೊರೆ ರಸ್ತೆಗೆ ಹಾರಿ ಬಂತು, ಅದೇ ವರ್ಷ ಬೆಂಕಿಯೂ ಕಾಣಿಸಿತು. 2017ರಲ್ಲಿ ಮತ್ತೆ ಹೊತ್ತಿತು, 2018ರ ಜನವರಿಯಲ್ಲಿ ಮತ್ತೊಮ್ಮೆ. ನೀರಿಗೆ ಬೆಂಕಿ ಬಿದ್ದ ಊರಿನಲ್ಲಿ ನಾವು ಮನೆಯೊಳಗಿನ ಟೈಲ್ಸನ್ನು ಫಳಫಳ ಹೊಳೆಯಿಸುತ್ತಾ ಕೂತಿದ್ದೆವು.

ಹೊಳೆಯಿಸುವ ಆ ಕೆಲಸದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಕೊಳೆ ಕಳೆಯುವ ಜೀವಿಗಳು ಹಾಸಿನಲ್ಲಿರುತ್ತವೆ ಎಂದೆನಲ್ಲ, ಸೆಪ್ಟಿಕ್ ಟ್ಯಾಂಕಿನಲ್ಲೂ ಇರುತ್ತವೆ. ನಾವು ಪಾಯಿಖಾನೆಗೆ ಸುರಿಯುವ ಆಸಿಡ್, ಬ್ಲೀಚ್, ಫಿನಾಯಿಲ್ ಹೋಗುವುದು ಅವುಗಳ ಮೇಲೆಯೇ. ಸ್ವಲ್ಪವಾದರೆ ತಡೆದುಕೊಳ್ಳುತ್ತವೆ, ಬಾಟಲಿಗಟ್ಟಲೆ ಬಿದ್ದರೆ ಸಾಯುತ್ತವೆ. ಒಂದೇ ಒಂದು ಕ್ರಿಮಿಯನ್ನೂ ಉಳಿಸುವುದಿಲ್ಲ ಎಂದು ಜಾಹೀರಾತು ಹೆಮ್ಮೆಯಿಂದ ಹೇಳುವಾಗ, ನಮ್ಮ ಕೊಳೆಯನ್ನು ಕಳೆಯಬಲ್ಲವರನ್ನೂ ಅದು ಆ ಪಟ್ಟಿಯಲ್ಲೇ ಸೇರಿಸಿರುತ್ತದೆ. ಟ್ಯಾಂಕು ನಾರುತ್ತದೆ ಎಂದು ಮತ್ತೊಂದು ಬಾಟಲಿ ಸುರಿಯುತ್ತೇವೆ, ಅದು ಇನ್ನಷ್ಟು ನಾರುತ್ತದೆ. ಮನೆಯನ್ನು ಚೊಕ್ಕಟವಾಗಿಡುವ ನಮ್ಮ ಹಟದಿಂದಲೇ ನಮ್ಮ ನೆಲದಡಿಯ ನೀರು ಕೆಡುತ್ತಿದೆ.

ಬೆಂಗಳೂರಿಗೆ ಕೊಳೆ ಕಳೆಯುವ ವಿಷಯದಲ್ಲಿ ಬೇರೆಯದೇ ಒಂದು ಚರಿತ್ರೆ ಇತ್ತು. ಇಂದು ಪ್ರಪಂಚದ ಬಹುಪಾಲು ದೊಡ್ಡ ಶುದ್ಧೀಕರಣ ಘಟಕಗಳು ನಡೆಯುವುದು ಕೊಳಚೆಗೆ ಯಂತ್ರದಿಂದ ಗಾಳಿ ಊದಿ ಬ್ಯಾಕ್ಟೀರಿಯಾ ಬೆಳೆಸುವ ವಿಧಾನದಿಂದ. 1914ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಅದನ್ನು ಪ್ರಕಟಿಸಿದವರು ಆರ್ಡರ್ನ್ ಮತ್ತು ಲಾಕೆಟ್. ಅವರಿಗೆ ಆ ದಾರಿ ಹಿಡಿಸಿದವರು ಗಿಲ್ಬರ್ಟ್ ಫೌಲರ್. ಅಮೆರಿಕದ ಲಾರೆನ್ಸ್ ಪ್ರಯೋಗಾಲಯದಲ್ಲಿ ಗಾಳಿಯಾಡಿಸಿದ ಕೊಳಚೆ ತಿಳಿಯಾಗುವುದನ್ನು 1912ರಲ್ಲಿ ಕಂಡು ಬಂದಿದ್ದವರು. ಈ ಫೌಲರ್ 1916ರಲ್ಲಿ ಬೆಂಗಳೂರಿಗೆ ಬಂದು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಜೀವರಸಾಯನ ವಿಭಾಗಕ್ಕೆ ಅಡಿಪಾಯ ಹಾಕಿದವರು ಅವರೇ. ಇಲ್ಲಿ ಅವರ ಮನಸ್ಸನ್ನು ಹಿಡಿದದ್ದು ಸಾರಜನಕವನ್ನು ಮಣ್ಣಿಗೆ ಮರಳಿಸುವುದು ಹೇಗೆ ಎಂಬ ಪ್ರಶ್ನೆ. ಕಸ ಮತ್ತು ಮಲವನ್ನು ಗೊಬ್ಬರ ಮಾಡುವ ಪ್ರಯೋಗಗಳಲ್ಲಿ ತೊಡಗಿದರು, ಸಾರಜನಕದ ಉಳಿತಾಯದ ಬಗ್ಗೆ ಮುಂದೆ ಒಂದು ಪುಸ್ತಕವನ್ನೇ ಬರೆದರು. 1939ರಲ್ಲಿ ಅದೇ ಸಂಸ್ಥೆಯ ಸಿ.ಎನ್. ಆಚಾರ್ಯ ಅವರು ಊರಿನ ಕಸ ಒಂದು ಪದರ, ಮಲ ಒಂದು ಪದರ ಹಾಕಿ, ಮೇಲೆ ಮಣ್ಣು ಮೆತ್ತಿ ತಿಂಗಳುಗಟ್ಟಲೆ ಬಿಡುವ ವಿಧಾನವನ್ನು ರೂಪಿಸಿದರು. ಕೃಷಿ ಪಠ್ಯಪುಸ್ತಕಗಳಲ್ಲಿ ಅದು ಇವತ್ತಿಗೂ ‘ಬೆಂಗಳೂರು ಪದ್ಧತಿ’. ಊರಿನ ಹೆಸರು ಗೊಬ್ಬರದ ಗುಂಡಿಗೆ ಅಂಟಿಕೊಂಡಿರುವುದು ನನಗೆ ಐಟಿಯ ಹೆಸರಿಗಿಂತ ಹೆಚ್ಚಿನ ಅಭಿಮಾನದ ಸಂಗತಿ. ಯಂತ್ರದ ದಾರಿ ಕಂಡುಕೊಟ್ಟ ಮನುಷ್ಯನೇ ಮಣ್ಣಿನ ದಾರಿಯನ್ನೂ ಹುಡುಕಿದ್ದು ಈ ನೆಲದಲ್ಲಿ. ಊರು ಬೆಳೆದಂತೆ ನಾವು ಮೊದಲನೆಯದನ್ನು ಮಾತ್ರ ಇಟ್ಟುಕೊಂಡೆವು.

ಯಂತ್ರ, ಮಣ್ಣುಗಳಲ್ಲದೆ ಗಿಡದ ದಾರಿಯೂ ಒಂದಿದೆ. ಕೊಳಚೆಯಲ್ಲಿ ಗಿಡ ಬದುಕೀತೆ ಎಂದು ಪರಿಣತರೇ ಅನುಮಾನಿಸಿದ ಕಾಲವಿತ್ತು. 1950ರ ದಶಕದ ಆರಂಭದಲ್ಲಿ ಜರ್ಮನಿಯ ಪ್ಲೋನ್ ಪಟ್ಟಣದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಕೇಟೆ ಸೈಡೆಲ್ ಎಂಬ ಸಸ್ಯವಿಜ್ಞಾನಿ ಜೊಂಡುಹುಲ್ಲನ್ನು ಹೊಲಸು ನೀರಿನಲ್ಲಿ ಬೆಳೆಸತೊಡಗಿದರು. ಎಂಜಿನಿಯರುಗಳು ನಂಬಲಿಲ್ಲ. ಜೊಂಡು ಸಾಯಲಿಲ್ಲ. ಅದರ ದಂಟನ್ನು ಅಡ್ಡ ಕತ್ತರಿಸಿ ಬೆಳಕಿಗೆ ಹಿಡಿದರೆ ಕಾರಣ ಕಾಣುತ್ತದೆ: ಒಳಗೆಲ್ಲ ಗಾಳಿಯ ಕಿಂಡಿಗಳು. ಎಲೆಯಿಂದ ಹಿಡಿದ ಗಾಳಿ ಆ ಕಿಂಡಿಗಳಲ್ಲಿ ಇಳಿದು ಉಸಿರಿಲ್ಲದ ಕೆಸರಿನಲ್ಲಿರುವ ಬೇರಿಗೆ ತಲುಪುತ್ತದೆ, ಬೇರಿನಿಂದ ಒಂದಿಷ್ಟು ಹೊರಕ್ಕೂ ಜಿನುಗುತ್ತದೆ. ಆ ಜಿನುಗಿನ ಸುತ್ತ ಬ್ಯಾಕ್ಟೀರಿಯಾಗಳು ಮನೆ ಮಾಡಿಕೊಳ್ಳುತ್ತವೆ. ಗಿಡ ತಾನೇ ಹೀರಿಕೊಳ್ಳುವ ಕೊಳೆ ಕಡಿಮೆ. ಹೆಚ್ಚಿನ ಕೆಲಸ ಆ ಅತಿಥಿಗಳದ್ದು. ಸತ್ತ ಸಿಪ್ಪೆಯಾಗಲಿ ಬದುಕಿರುವ ಜೊಂಡಾಗಲಿ ಮಾಡುವುದು ಜಾಗ ಕೊಡುವ ಕೆಲಸವನ್ನೇ. ಶುದ್ಧೀಕರಣದ ಮುಕ್ಕಾಲು ಪಾಲು ಆತಿಥ್ಯ ಎಂದು ನನಗೆ ಅನ್ನಿಸುವುದು ಇದಕ್ಕೆ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಬೆಂಗಳೂರಿನ ಜಕ್ಕೂರು ಕೆರೆಗೆ ಹೋಗಬೇಕು. ಸುಮಾರು 160 ಎಕರೆಯ ಆ ಕೆರೆಯ ಮೇಲ್ಗಡೆ ಒಂದು ಶುದ್ಧೀಕರಣ ಘಟಕವಿದೆ. ಅಲ್ಲಿಂದ ಹೊರಬಿದ್ದ ನೀರು ನೇರವಾಗಿ ಕೆರೆಗೆ ಬೀಳದೆ, ಆಪು, ಜೊಂಡು ದಟ್ಟವಾಗಿ ಬೆಳೆದ ಜೌಗಿನೊಳಗೆ ನಿಧಾನಕ್ಕೆ ಹಾದು ಬರುತ್ತದೆ. ಯಂತ್ರದಿಂದ ಉಳಿದುಹೋದ ಸಾರಜನಕ, ರಂಜಕಗಳು ಅಲ್ಲಿ ಕಡಿಮೆಯಾಗುತ್ತವೆ. ಕೆರೆಯಲ್ಲಿ ಮೀನು ಹಿಡಿಯುತ್ತಾರೆ, ಹಕ್ಕಿಗಳು ಬರುತ್ತವೆ, ಆಸುಪಾಸಿನ ಬಾವಿಗಳಿಗೆ ಜೀವ ಬಂದಿದೆ. ಇದು ಪವಾಡವಲ್ಲ, ದುಡಿತ. ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಸಾಗಿಸಬೇಕು. ಬಿಟ್ಟರೆ ಅದು ಅಲ್ಲೇ ಕೊಳೆತು, ಹೀರಿದ್ದನ್ನೆಲ್ಲ ನೀರಿಗೇ ವಾಪಸು ಮಾಡುತ್ತದೆ.

ಸಸ್ಯಗಳ ಹಾಸೇ ಎಲ್ಲಕ್ಕೂ ಮದ್ದು ಎಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ಕಾರ್ಖಾನೆಯ ಸೀಸ, ಕ್ರೋಮಿಯಂಗಳನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಇಲ್ಲವಾಗಿಸಲಾರದು; ಅವು ಹಾಸಿನಲ್ಲಿ ಕೂತು ಅದನ್ನೇ ವಿಷ ಮಾಡುತ್ತವೆ. ಹಾಸಿನಿಂದ ಇಳಿದ ನೀರು ತಿಳಿಯಾಗಿ ಕಂಡರೂ ಅದರಲ್ಲಿ ರೋಗಾಣು ಉಳಿದಿರಬಹುದು. ಗಿಡಕ್ಕೆ, ನೆಲಕ್ಕೆ ಅದು ಸರಿ, ಕುಡಿಯಲು ಅಲ್ಲ. ಜಾಗದ ಮಾತೂ ಇದೆ. ಬಿಸಿಲಿನ ನಮ್ಮ ದೇಶದಲ್ಲಿ ಗಿಡ ನೆಟ್ಟ ಹಾಸಿಗೆ ಒಬ್ಬರಿಗೆ 1ರಿಂದ 2 ಚದರ ಮೀಟರ್ ಬೇಕು. ಒಂದು ಕೋಟಿ ಜನಕ್ಕೆ ಒಂದೊಂದೇ ಚದರ ಮೀಟರ್ ಎಂದರೂ 10 ಚದರ ಕಿಲೋಮೀಟರ್, ಸುಮಾರು 2,470 ಎಕರೆ. ಬೆಂಗಳೂರಿನಲ್ಲಿ ಇಷ್ಟು ನೆಲ ಎಲ್ಲಿದೆ ಎಂದು ಕೇಳುತ್ತಾರೆ. ವಿಮಾನ ನಿಲ್ದಾಣಕ್ಕೆ 4,000 ಎಕರೆ ಸಿಕ್ಕಿತ್ತು. ಊರಿನಿಂದ ಹಾರಿಹೋಗುವವರಿಗೆ ಕೊಟ್ಟ ನೆಲಕ್ಕಿಂತ ಕಡಿಮೆ ನೆಲವನ್ನು, ಊರಿನಲ್ಲೇ ಉಳಿಯುವವರ ನೀರಿಗೆ ಕೊಡಲಾಗದು ಎಂಬುದನ್ನು ನಾನು ನಂಬಲಾರೆ. ಹಾಗೆಂದು ದೊಡ್ಡ ಊರಿನ ಯಂತ್ರಗಳನ್ನು ಕಿತ್ತೆಸೆಯಿರಿ ಎನ್ನುತ್ತಿಲ್ಲ; ಜಕ್ಕೂರಿನಂತೆ ಎರಡೂ ಜೊತೆಗೆ ನಡೆಯಬಹುದು. ಒಳಚರಂಡಿಯೇ ಇಲ್ಲದ, ಮುಂದೆ ಬರುವ ಲಕ್ಷಣವೂ ಇಲ್ಲದ ಹಳ್ಳಿ, ಪಟ್ಟಣ, ಬಡಾವಣೆಗಳಿಗೆ ಸಿಪ್ಪೆಯ ಹಾಸಿಗಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ದೇವನಹಳ್ಳಿ 2015ರಲ್ಲೇ ಇದಕ್ಕೆ ಹತ್ತಿರದ ದಾರಿ ಹಿಡಿಯಿತು. ಪಟ್ಟಣದ ಗುಂಡಿಗಳಿಂದ ತಂದ ಮಲವನ್ನು ಭಾರೀ ಯಂತ್ರಗಳಿಲ್ಲದೆ, ಇಳಿಜಾರು ಮತ್ತು ಬ್ಯಾಕ್ಟೀರಿಯಾಗಳ ಬಲದಿಂದ ಸಂಸ್ಕರಿಸಿ ಗೊಬ್ಬರ ಮಾಡುವ ಘಟಕ ಅಲ್ಲಿ ಶುರುವಾಯಿತು. ದೇಶದಲ್ಲಿ ಪಟ್ಟಣದ ಮಟ್ಟದಲ್ಲಿ ಆ ಬಗೆಯ ಮೊದಲನೆಯವುಗಳಲ್ಲಿ ಅದೂ ಒಂದು.

ಇಷ್ಟೆಲ್ಲ ಆದ ಮೇಲೂ ಮಡಕೆಯ ತಳದ ಪ್ರಶ್ನೆ ಹಾಗೇ ಇದೆ. ಹಾಸು ಸವೆದಾಗ ಗುದ್ದಲಿ ಹಿಡಿಯುವವರು ಯಾರು? ಆ ಕೆಲಸಕ್ಕೆ ಮತ್ತೆ ಅದೇ ಕೇರಿಯಿಂದ ಅದೇ ಜನರನ್ನು ಕರೆಸುವುದಾದರೆ, ಸಿಪ್ಪೆ ನೀರನ್ನು ಶುದ್ಧಮಾಡಿರಬಹುದು, ನಮ್ಮನ್ನಂತೂ ಮಾಡಿಲ್ಲ. 2017ರ ಫೆಬ್ರವರಿಯಲ್ಲಿ ತೆಲಂಗಾಣದ ಗಂಗದೇವಿಪಲ್ಲಿಯಲ್ಲಿ, ಆಗ ಕೇಂದ್ರ ಸರ್ಕಾರದ ನೈರ್ಮಲ್ಯ ಕಾರ್ಯದರ್ಶಿಯಾಗಿದ್ದ ಪರಮೇಶ್ವರನ್ ಅಯ್ಯರ್ ಅವಳಿಗುಂಡಿ ಶೌಚಾಲಯದ ಮಾಗಿದ ಗುಂಡಿಯೊಳಗೆ ಇಳಿದು ಗೊಬ್ಬರವನ್ನು ತಾವೇ ಎತ್ತಿದರು. ಪತ್ರಿಕೆಗಳಲ್ಲಿ ಚಿತ್ರ ಬಂತು. ಅದು ಪ್ರದರ್ಶನ ಎಂದವರಿದ್ದಾರೆ. ಇರಲಿ. ಮಾಗಿದ ಗುಂಡಿಯಲ್ಲಿ ಇರುವುದು ಮಣ್ಣು ಎಂದು ವಿಜ್ಞಾನ ಹೇಳಿ ಎಷ್ಟೋ ಕಾಲವಾಗಿದೆ. ನಂಬಿ ಒಳಗಿಳಿಯಲು ಒಬ್ಬ ಮೇಲ್ಜಾತಿಯ ಅಧಿಕಾರಿಯ ಅಂಗಾಲು ಬೇಕಾಯಿತು. ಅಂಥ ಸಾವಿರಾರು ಅಂಗಾಲುಗಳು ಬೇಕಾಗಿವೆ. ಕಾಯಿಲೆಯ ಭಯವಿದ್ದರೆ ಕೈಗವಸು, ಬೂಟು ಇವೆ. ಜಾತಿಯ ಭಯಕ್ಕೆ ಮಾತ್ರ ಅಂಗಡಿಯಲ್ಲಿ ಏನೂ ಸಿಗುವುದಿಲ್ಲ.

ಮನೆ ಕಟ್ಟಿಸುತ್ತಿರುವವರಲ್ಲಿ, ಅದರಲ್ಲೂ ಒಳಚರಂಡಿ ಇಲ್ಲದ ಕಡೆ ಕಟ್ಟಿಸುತ್ತಿರುವವರಲ್ಲಿ ನನ್ನದೊಂದು ಕೋರಿಕೆ. ಸೆಪ್ಟಿಕ್ ಟ್ಯಾಂಕಿನ ನೀರನ್ನು ನೇರವಾಗಿ ಇಂಗುಗುಂಡಿಗೆ ಬಿಡುವ ಮೊದಲು ನಡುವೆ ಒಂದು ಹಾಸಿಗೆ ಜಾಗ ಇಡಿ. ನಾಲ್ಕು ಜನರ ಮನೆಗೆ ನಾಲ್ಕರಿಂದ ಎಂಟು ಚದರ ಮೀಟರ್ ಸಾಕು, ಒಂದು ಕಾರು ನಿಲ್ಲುವಷ್ಟು ಜಾಗವೂ ಬೇಕಾಗದು. ತಳದಲ್ಲಿ ಜಲ್ಲಿ, ಮೇಲೆ ತೆಂಗಿನ ಸಿಪ್ಪೆಯ ಚೂರು, ಅಂಚಿನಲ್ಲಿ ಕಾಬಾಳೆ, ಲಾವಂಚ. ಅಳತೆಯನ್ನು ಬಲ್ಲ ಎಂಜಿನಿಯರರಿಂದ ಹಾಕಿಸಿ, ಕುಡಿಯುವ ಬಾವಿಯಿಂದ ದೂರವಿಡಿ, ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ಯಂತ್ರದಿಂದಲೇ ತೆಗೆಸಿ, ಆಸಿಡ್ ಬಾಟಲಿಯನ್ನು ಮನೆಗೆ ತರಬೇಡಿ. ಸಿಪ್ಪೆ ಸವೆದಾಗ ಹಳೆಯದನ್ನು ಎತ್ತಿ, ಜಂತುಹುಳುವಿನ ಮೊಟ್ಟೆ ಸಾಯುವ ಹಾಗೆ ಒಂದು ವರ್ಷವಾದರೂ ಮುಚ್ಚಿಟ್ಟು, ಆಮೇಲೆ ತೆಂಗಿನ ಬುಡಕ್ಕೇ ಹಾಕಿ. ಆ ದಿನ ಗುದ್ದಲಿ ಹಿಡಿಯಲು ಹೊರಗಿನವರನ್ನು ಕರೆಯಬೇಡಿ.